ಸೈಕ್ಲೋನ್ ಮಳೆಗೆ ನಿಮ್ಮ ಮನೆ ತಯಾರಿದೆಯಾ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಹೇಳಿ

ಕೈವಾರದ ಸೊಸೆ (ಚಿಂತಾಮಣಿ):

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಅಮೆರಿಕದ ಫ್ಲೋರಿಡಾದಲ್ಲಿ ಇದ್ದಾನೆ. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಸೀಸನ್ (ನಮ್ಮ ಸೈಕ್ಲೋನಿಗೆ ಅಲ್ಲಿ ಆ ಹೆಸರು). ಮನೆಮನೆಯಲ್ಲೂ ಒಂದು ತಯಾರಿ ಪಟ್ಟಿ ಇರುತ್ತದಂತೆ. ಅದನ್ನು ನಮ್ಮ ಮನೆಯ ಗ್ರೂಪಿಗೆ ಹಾಕಿ, "ನೀವೂ ಹೀಗೆ ಮಾಡಿ" ಅಂದ. ಕಿಟಕಿಗೆ ಪ್ಲೈವುಡ್ ಹೊಡೆಯಿರಿ, ಬಾತ್‌ಟಬ್ ತುಂಬ ನೀರು ಹಿಡಿಯಿರಿ, ಕಾರಿಗೆ ಪೂರ್ತಿ ಪೆಟ್ರೋಲ್ ಹಾಕಿಸಿ, ಊರು ಬಿಡುವ ದಾರಿ ನೋಡಿಟ್ಟುಕೊಳ್ಳಿ. ನಮ್ಮ ಮಾವನವರು ಓದಿ ಜೋರಾಗಿ ನಕ್ಕರು. "ಬಾತ್‌ಟಬ್ ಎಲ್ಲಿಂದ ತರೋಣಮ್ಮ?" ಅಂದರು.

ಆದರೆ ದೀಪಾವಳಿ ಆಸುಪಾಸಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದರೆ ನಮ್ಮ ಕಡೆ ಸೂರ್ಯನೇ ಕಾಣುವುದಿಲ್ಲ ಅಲ್ವಾ? ಪೇಟೆಯಲ್ಲಿ ನಮ್ಮದು ಆರ್‌ಸಿಸಿ ಮನೆ, ನೆಲದಲ್ಲಿ ಸಂಪು ಇದೆ. ಹಳ್ಳಿಯಲ್ಲಿ ಅತ್ತೆ ಮಾವ ಇರುವುದು ಮಣ್ಣಿನ ಗೋಡೆಯ ಹೆಂಚಿನ ಮನೆ. ಸೀಮೆಹಸು ಇವೆ, ರಾಗಿ ಕೊಯ್ಲಿಗೆ ಬಂದಿದೆ. ನಮ್ಮಂಥವರು ನಿಜವಾಗಿ ಏನು ಮಾಡಿಟ್ಟುಕೊಳ್ಳಬೇಕು? ಗೊತ್ತಿರುವವರು ತಿಳಿಸಿ.

ಬರಗಾಲದ ಮಗ (ಪಾವಗಡ):

ಅಕ್ಕ, ತಪ್ಪು ತಿಳಿಯಬೇಡಿ. ನಮ್ಮ ತಾಲ್ಲೂಕಿನಲ್ಲಿ ಮಳೆ ಬಂದರೆ ಜನ ಕೈ ಮುಗಿಯುತ್ತಾರೆ. ನಮಗೆ ವಿಪತ್ತು ಅಂದರೆ ಬತ್ತಿದ ಬೋರ್‌ವೆಲ್. ಸಮುದ್ರ ನೋಡಬೇಕಾದರೆ ಬಸ್ಸು ಹತ್ತಬೇಕು. ಸೈಕ್ಲೋನ್ ಚಿಂತೆ ಚೆನ್ನೈನವರು ಮಾಡಲಿ ಬಿಡಿ.

ಹಿಂಗಾರು ನೋಡುವವನು (ಕೋಲಾರ):

ಪಾವಗಡದ ಅಣ್ಣನ ಮಾತು ಅರ್ಧ ಸರಿ. ಗಾಳಿ ನಮ್ಮವರೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನೀರು ಸುಸ್ತಾಗುವುದಿಲ್ಲ. ಕೋಲಾರದಿಂದ ಚೆನ್ನೈಗೆ 300 ಕಿ.ಮೀ. ಕೂಡ ಇಲ್ಲ. ಅಲ್ಲಿ ದಡ ಹತ್ತಿದ ಮೋಡ ಮಾರನೇ ದಿನ ನಮ್ಮ ತಲೆ ಮೇಲೆ ಇರುತ್ತದೆ.

2021ರ ನವೆಂಬರ್ ನೆನಪು ಮಾಡಿಕೊಳ್ಳಿ. 11ನೇ ತಾರೀಖು ಒಂದು ವಾಯುಭಾರ ಕುಸಿತ ಚೆನ್ನೈ ಹತ್ತಿರ ದಡ ದಾಟಿತು. 19ಕ್ಕೆ ಇನ್ನೊಂದು ಪುದುಚೇರಿ ಮತ್ತು ಚೆನ್ನೈ ನಡುವೆ ದಾಟಿತು. ಎರಡೂ ಸೈಕ್ಲೋನ್ ಮಟ್ಟ ಮುಟ್ಟಲಿಲ್ಲ, ಹಾಗಾಗಿ ಹೆಸರೂ ಇಡಲಿಲ್ಲ. ಆದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ರಾಗಿ ನೆಲ ಕಚ್ಚಿತು, ಕೆರೆಗಳು ಕೋಡಿ ಬಿದ್ದವು, ಹಳೇ ಮನೆಗಳು ಕುಸಿದವು. 2024ರಲ್ಲಿ ಬಂದ ಫೆಂಗಲ್‌ಗೆ ಹೆಸರಿತ್ತು. ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಹತ್ತಿ ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತಿತು. ಡಿಸೆಂಬರ್ ಮೊದಲ ದಿನಗಳಲ್ಲಿ ಇಲ್ಲಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಆದ್ದರಿಂದ ಟಿವಿಯಲ್ಲಿ ಹೆಸರು ಕೇಳಿಸಿದಾಗ ಮಾತ್ರ ಎಚ್ಚರವಾಗುತ್ತೇನೆ ಅಂದರೆ ಆಗುವುದಿಲ್ಲ. ತಮಿಳುನಾಡಿನ ಉತ್ತರ ಭಾಗ ಅಥವಾ ನೆಲ್ಲೂರು ಕಡೆಗೆ ವಾಯುಭಾರ ಕುಸಿತ ಬರುತ್ತಿದೆ ಅಂದರೆ ಸಾಕು, ಅದು ನಮ್ಮದೂ ಹೌದು.

ಹವಾಮಾನ ಇಲಾಖೆಯ ಬಣ್ಣಗಳನ್ನು ಹೀಗೆ ಓದಿ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ತಯಾರಾಗಿ. ಕೆಂಪು ಅಂದರೆ ಮಾಡಬೇಕಾದ್ದನ್ನು ಈಗಲೇ ಮಾಡಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅವರ ಲೆಕ್ಕದಲ್ಲಿ ಭಾರೀ ಮಳೆ, 115.6ರಿಂದ ಅತಿ ಭಾರೀ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 30x40 ಅಡಿ ಸೈಟಿನ ತಾರಸಿ ಮೇಲೆ 100 ಮಿ.ಮೀ. ಬಿದ್ದರೆ ಸುಮಾರು 11,000 ಲೀಟರ್. ಆ ನೀರು ಇಳಿಯುವ ಪೈಪಿನ ಬಾಯಲ್ಲಿ ಮಾವಿನ ಎಲೆ, ಹಾಲಿನ ಕವರ್ ಸಿಕ್ಕಿಕೊಂಡಿದ್ದರೆ ಅದು ಮೆಟ್ಟಿಲಿಂದಲೇ ಇಳಿಯುತ್ತದೆ. ಪೇಟೆ ಮನೆಯವರ ಮೊದಲ ಕೆಲಸ ತಾರಸಿ ಗುಡಿಸುವುದು. ಪ್ಲೈವುಡ್ಡು ಬೇಡ.

ನಿಮ್ಮ ಹೋಬಳಿಯ ಮಳೆ ಮುನ್ಸೂಚನೆ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ: 92433 45433. ಕನ್ನಡದಲ್ಲೇ ಹೇಳುತ್ತಾರೆ. ಜಿಲ್ಲಾ ಕಂಟ್ರೋಲ್ ರೂಂ 1077.

ಬರಗಾಲದ ಮಗ (ಪಾವಗಡ):

ಹನ್ನೊಂದು ಸಾವಿರ ಲೀಟರಾ? ಎರಡು ಟ್ಯಾಂಕರ್ ನೀರು ಒಂದೇ ದಿನಕ್ಕೆ! ಅದನ್ನು ಚರಂಡಿಗೆ ಬಿಡುವುದೇ ದೊಡ್ಡ ವಿಪತ್ತು ಗುರು. ಎರಡನೇ ಪೈಪು ಸಂಪಿಗೆ ಹಾಕಿಸಿಕೊಳ್ಳಿ. ಮೊದಲ ಮಳೆ ಹೊರಗೆ ಬಿಟ್ಟು ಆಮೇಲಿನದು ಹಿಡಿಯಿರಿ. ಬೇಸಿಗೆಯಲ್ಲಿ ನನ್ನನ್ನು ನೆನೆಯುತ್ತೀರಿ.

ಮಾವಿನ ತೋಪು (ಶ್ರೀನಿವಾಸಪುರ, ಈಗ ಅಮೆರಿಕದ ಷಾರ್ಲೆಟ್):

ಸಮುದ್ರ ದೂರ, ನಮಗೇನು ಅನ್ನುವವರಿಗೆ ಇಲ್ಲಿಯ ಒಂದು ಉದಾಹರಣೆ. ನಾನಿರುವ ನಾರ್ತ್ ಕ್ಯಾರೊಲಿನಾದಲ್ಲೇ ಆಶ್‌ವಿಲ್ ಅಂತ ಬೆಟ್ಟದ ಊರಿದೆ. ಎತ್ತರ ಸುಮಾರು 650 ಮೀಟರ್, ಕೋಲಾರಕ್ಕಿಂತ ಸ್ವಲ್ಪ ಕಡಿಮೆ. ಸಮುದ್ರ ಎಷ್ಟೋ ದೂರ. ಹರಿಕೇನ್ ನಮ್ಮನ್ನು ಮುಟ್ಟುವುದಿಲ್ಲ ಅಂತಲೇ ಎಷ್ಟೋ ಜನ ಅಲ್ಲಿ ಮನೆ ಮಾಡಿದ್ದರು. 2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಎಂಬ ಹರಿಕೇನ್ ಫ್ಲೋರಿಡಾದಲ್ಲಿ ದಡ ಹತ್ತಿತು. ಐದು ದರ್ಜೆಗಳಲ್ಲಿ ನಾಲ್ಕನೆಯದು. ಬೆಳಗಾಗುವಷ್ಟರಲ್ಲಿ ಅದರ ಮಳೆ ಈ ಬೆಟ್ಟಗಳ ಮೇಲೆ ಸುರಿಯುತ್ತಿತ್ತು. ಅದಕ್ಕೂ ಮುಂಚಿನ ಮಳೆಗೆ ನೆಲ ಆಗಲೇ ನೆನೆದು ಕೂತಿತ್ತು. ನದಿ ಊರೊಳಗೆ ಬಂತು, ಗುಡ್ಡ ಜಾರಿತು, ನೀರು ಸರಬರಾಜಿನ ದೊಡ್ಡ ಪೈಪುಗಳೇ ಕೊಚ್ಚಿಹೋದವು. ನಲ್ಲಿ ನೀರು ಮತ್ತೆ ಕುಡಿಯಲು ಯೋಗ್ಯ ಅಂತ ಹೇಳಿದ್ದು ನವೆಂಬರ್ 18ಕ್ಕೆ.

ಆ ದಿನಗಳಲ್ಲಿ ಅಲ್ಲಿಯವರಿಗೆ ತುಂಬಾ ಕಾಡಿದ್ದು ಮೂರು. ಒಂದು ನೀರು: ಕುಡಿಯಲು ಬಾಟಲಿ ಹಂಚುತ್ತಿದ್ದರು, ಕಕ್ಕಸಿಗೆ ಜನ ಹಳ್ಳದಿಂದ ಬಕೆಟ್‌ನಲ್ಲಿ ಹೊತ್ತು ತಂದರು. ಎರಡು ನಗದು: ಕರೆಂಟೂ ನೆಟ್‌ವರ್ಕೂ ಇಲ್ಲದೆ ಕಾರ್ಡ್ ನಡೆಯಲಿಲ್ಲ. ಮೂರನೆಯದು ಸುದ್ದಿ: ಫೋನ್ ಇಲ್ಲದೆ ಯಾರು ಎಲ್ಲಿದ್ದಾರೆ ಅಂತಲೇ ತಿಳಿಯಲಿಲ್ಲ. ನಮ್ಮೂರಲ್ಲಿ ಈಗ ಸೊಪ್ಪು ಮಾರುವ ಅಜ್ಜಿಗೂ ಫೋನ್‌ಪೇ. ಎರಡು ದಿನ ಟವರ್ ಬಿದ್ದರೆ ಜೇಬಿನಲ್ಲಿ ಏನಿರುತ್ತದೆ ನೋಡಿಕೊಳ್ಳಿ. ಸಣ್ಣ ನೋಟುಗಳು ಮನೆಯಲ್ಲಿ ಇರಲಿ. ನೀರಿಗೆ ಇಲ್ಲಿಯ ಲೆಕ್ಕ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಹತ್ತಿರ ಹತ್ತಿರ ನಾಲ್ಕು ಲೀಟರ್, ಕನಿಷ್ಠ ಮೂರು ದಿನಕ್ಕೆ. ನಮ್ಮ 20 ಲೀಟರ್ ಕ್ಯಾನ್ ಎರಡು ಜಾಸ್ತಿ ತುಂಬಿಸಿಟ್ಟರೆ ಸಣ್ಣ ಸಂಸಾರಕ್ಕೆ ಆಯಿತು.

ಬಾತ್‌ಟಬ್ ವಿಷಯ: ಇಲ್ಲಿಯವರಿಗೆ ಸಂಪೂ ಇಲ್ಲ, ಹಂಡೆಯೂ ಇಲ್ಲ. ಅದಕ್ಕೇ ಟಬ್ಬು. ನಿಮ್ಮ ಮಾವನವರಿಗೆ ಹೇಳಿ, ಅವರ ಹಿತ್ತಲಿನ ತೊಟ್ಟಿ ಅದಕ್ಕಿಂತ ದೊಡ್ಡದು.

ಕೈವಾರದ ಸೊಸೆ:

ಹೇಳಿದೆ ಅಣ್ಣ, ಮೀಸೆ ತಿರುವಿದರು :) ಈಗ ಮಣ್ಣಿನ ಗೋಡೆ ವಿಷಯ ಯಾರಾದರೂ ಹೇಳಿ. ನನಗೆ ನಿಜವಾಗಿ ಭಯ ಇರುವುದು ಅದೇ. ಅತ್ತೆ ಮಾವ ಅಟ್ಟದ ಕೆಳಗಿನ ಗೋಡೆಗೆ ತಾಗಿಕೊಂಡೇ ಮಲಗುತ್ತಾರೆ.

ಗಾರೆ ಮೇಸ್ತ್ರಿ (ಗೌರಿಬಿದನೂರು):

ತಂಗಿ, ನಮ್ಮ ಕಡೆ ಮಳೆಗಾಲದಲ್ಲಿ ಜೀವ ತೆಗೆಯುವುದು ಗೋಡೆ. ಅದೂ ರಾತ್ರಿ ಹೊತ್ತು. ಮಣ್ಣಿನ ಗೋಡೆ ಒಂದು ಗಂಟೆಯ ಜೋರು ಮಳೆಗೆ ಬೀಳುವುದಿಲ್ಲ. ಜಡಿ ಮಳೆ ಹಿಡಿದು ಬುಡ ನೆನೆದಾಗ ಬೀಳುತ್ತದೆ. ಎಷ್ಟೋ ಸಲ ಮಳೆ ನಿಂತ ಮೇಲೆ ಬೀಳುತ್ತದೆ. ಬಿಸಿಲು ಬಂತು, ಇನ್ನೇನು ಅಂತ ಎಲ್ಲರೂ ಒಳಗೆ ಸೇರಿರುತ್ತಾರೆ.

ಹೋಗಿ ನೋಡಬೇಕಾದ್ದು ಹೇಳುತ್ತೇನೆ. ಗೋಡೆಯ ಬುಡದಿಂದ ತೇವ ಎಷ್ಟು ಮೇಲೆ ಹತ್ತಿದೆ. ಮಧ್ಯದಲ್ಲಿ ಹೊಟ್ಟೆ ಉಬ್ಬಿದ ಹಾಗೆ ಇದೆಯಾ. ಎರಡು ಗೋಡೆ ಸೇರುವ ಮೂಲೆಯಲ್ಲಿ ಬಿರುಕು ಬಿಟ್ಟಿದೆಯಾ, ಅದರೊಳಗೆ ಬೆರಳು ಹೋಗುತ್ತದಾ. ತೊಲೆ ಕೂತಿರುವ ಜಾಗದಲ್ಲಿ ಮಣ್ಣು ಉದುರುತ್ತಿದೆಯಾ. ನಿನ್ನೆವರೆಗೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಹಿಡಿಯುತ್ತಿದೆಯಾ. ಕೊನೆಯದು ಇದ್ದರೆ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಶಾಲೆ, ಸಮುದಾಯ ಭವನ, ನೆಂಟರ ಮನೆ, ಎಲ್ಲಾದರೂ ಸರಿ.

ಈಗ, ಮಳೆ ಬರುವ ಮುಂಚೆ ಮಾಡಬಹುದಾದ್ದೂ ಇದೆ. ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಒಂದು ಮೊಳ ದೂರದಲ್ಲಿ ಕಾಲುವೆ ತೋಡಿ, ಇಳಿಜಾರು ಕೊಟ್ಟು ಹೊರಗೆ ಬಿಡಿ. ಬುಡಕ್ಕೆ ಒರಗಿಸಿರುವ ಸೌದೆ, ಗೊಬ್ಬರ, ಇಟ್ಟಿಗೆ ತೆಗೆಯಿರಿ. ಅದು ತೇವ ಹಿಡಿದಿಡುತ್ತದೆ. ಒಡೆದ ಹೆಂಚು ಬದಲಿಸಿ. ಅಟ್ಟದ ಮೇಲಿನ ಭಾರ ಇಳಿಸಿ. ಮಣ್ಣಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಬಳಿದರೆ ಗಟ್ಟಿ ಅಂತ ಜನ ಅಂದುಕೊಂಡಿದ್ದಾರೆ. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲಾಗದೆ ಗೋಡೆ ಒಳಗೇ ಕೊಳೆಯುತ್ತದೆ, ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ. ನಾನು ಬೇಡ ಅನ್ನುತ್ತೇನೆ, ಗಿರಾಕಿ ಕೇಳುವುದಿಲ್ಲ.

ಪಕ್ಕದ ಮನೆಯ ಪಾಳು ಗೋಡೆಯನ್ನೂ ನೋಡಿ. ನಿಮ್ಮದು ಗಟ್ಟಿಯಿದ್ದು ಅವರದ್ದು ನಿಮ್ಮ ಮೇಲೆ ಬೀಳಬಹುದು. ಇದು ಜಗಳದ ವಿಷಯ, ಗೊತ್ತು. ಪಂಚಾಯಿತಿಗೆ ಅರ್ಜಿ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಶೀಟು ಮನೆಯವರಿಗೆ ಒಂದು ಮಾತು. ನಮ್ಮ ಕಡೆ ಗಾಳಿ ಹೆದರಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಶೀಟಿನ ಮೇಲೆ ಇಟ್ಟ ಕಲ್ಲುಗಳು ಶೀಟಿನ ಜೊತೆ ಹಾರುತ್ತವೆ. ಕಲ್ಲು ತೆಗೆದು ಜೆ ಬೋಲ್ಟ್ (ಶೀಟನ್ನು ಬಿಗಿಯುವ ಕೊಕ್ಕೆ ಬೋಲ್ಟ್) ಹಾಕಿಸಿ.

ದ್ರಾಕ್ಷಿ ಚಪ್ಪರ (ಚಿಕ್ಕಬಳ್ಳಾಪುರ):

ಮೇಸ್ತ್ರಿಗಳು ಬಿರುಕು ಅಂದಿದ್ದಕ್ಕೆ ನೆನಪಾಯಿತು. 2021ರಲ್ಲಿ ಅಷ್ಟು ಮಳೆ ಆದ ಮೇಲೆ ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ನೆಲದೊಳಗಿಂದ ಸದ್ದು ಬರುತ್ತಿತ್ತು. ಡಿಸೆಂಬರ್ 22ರಂದು 2.9 ಮತ್ತು 3.0 ತೀವ್ರತೆಯ ಎರಡು ಕಂಪನ ಆದವು. ಜನ ಚಳಿಯಲ್ಲಿ ರಾತ್ರಿಯೆಲ್ಲ ಬೀದಿಯಲ್ಲಿ ಕೂತರು. ಜಾಸ್ತಿ ಮಳೆ ನೀರು ಬಂಡೆಯ ಬಿರುಕುಗಳಿಗೆ ಇಳಿದಾಗ ಹೀಗಾಗಬಹುದು ಅಂತ ವಿಜ್ಞಾನಿಗಳು ಹೇಳಿದರು. ಅಷ್ಟು ಸಣ್ಣ ಕಂಪನಕ್ಕೆ ಒಳ್ಳೆ ಮನೆ ಬೀಳುವುದಿಲ್ಲ. ನೆನೆದ ಗೋಡೆಗೆ ಮಾತ್ರ ಅದೂ ಒಂದು ನೆಪ.

ನೀರುಗಂಟಿ ಮೊಮ್ಮಗ (ಕೊರಟಗೆರೆ):

ಮನೆ ತಯಾರಿ ಅಂತ ಎಲ್ಲರೂ ಮನೆಯೊಳಗೇ ನೋಡುತ್ತಿದ್ದೀರಿ. ನಿಮ್ಮ ಮನೆ ಯಾವ ಕೆರೆಯ ಕೆಳಗೆ ಇದೆ ಅಂತ ಗೊತ್ತಾ? ಮೂರೂ ಜಿಲ್ಲೆಯಲ್ಲಿ ಕೆರೆಗಳು ಸರಪಳಿಯ ಹಾಗೆ ಇವೆ. ಮೇಲಿನದು ತುಂಬಿ ಕೋಡಿ ಹರಿದು ಕೆಳಗಿನದಕ್ಕೆ ಬರುತ್ತದೆ. ಮೇಲೆ ಒಂದು ಏರಿ ಒಡೆದರೆ ಕೆಳಗಿನವು ಸಾಲಾಗಿ ಒಡೆಯಬಹುದು. ನಮ್ಮಲ್ಲಿ ಜಯಮಂಗಲಿ ಹರಿಯುವುದನ್ನೇ ಮರೆತಿದ್ದವರು ಹಳ್ಳದ ಒಳಗೇ ತೋಟ, ಶೆಡ್ ಮಾಡಿಕೊಂಡಿದ್ದಾರೆ. 2022ರ ಮಳೆಗೆ ನದಿ ತನ್ನ ಜಾಗ ಕೇಳಿಕೊಂಡು ಬಂತು.

ಕೋಲಾರದ ಕಡೆ ಇನ್ನೊಂದು ಬದಲಾವಣೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಚಿಕ್ಕಬಳ್ಳಾಪುರದ ಕಡೆ ಅಂಥದ್ದೇ ಎಚ್.ಎನ್. ವ್ಯಾಲಿ ನೀರು. ಒಳ್ಳೆಯದೇ. ಆದರೆ ಮೊದಲು ಹಿಂಗಾರು ಬರುವಾಗ ಕೆರೆ ಖಾಲಿ ಇರುತ್ತಿತ್ತು, ಎಷ್ಟು ಮಳೆ ಬಂದರೂ ನುಂಗುತ್ತಿತ್ತು. ಈಗ ಆಗಲೇ ಅರ್ಧ ಮುಕ್ಕಾಲು ತುಂಬಿರುವ ಕೆರೆಗೆ ಅದೇ ಮಳೆ ಬಿದ್ದರೆ ಬೇಗ ಕೋಡಿ ಬೀಳುತ್ತದೆ. ಇಪ್ಪತ್ತು ವರ್ಷ ನೀರು ಕಾಣದ ರಾಜಕಾಲುವೆ ಮೇಲೆ ಮನೆ ಕಟ್ಟಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಏರಿಯ ಹೊರಬದಿಯ ಬುಡದಲ್ಲಿ ಹೊಸದಾಗಿ ನೀರು ಜಿನುಗುತ್ತಿದ್ದರೆ ನೋಡಿ. ತಿಳಿ ನೀರಾದರೆ ತಕ್ಷಣಕ್ಕೆ ಗಾಬರಿ ಬೇಡ, ಹೇಳಿಡಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕೊಚ್ಚುತ್ತಿದೆ ಅಂತ ಅರ್ಥ. ಕೂಡಲೇ 1077 ಅಥವಾ 112ಕ್ಕೆ ತಿಳಿಸಿ, ಕೆಳಗಿನವರನ್ನು ಎಬ್ಬಿಸಿ. ಜಾಸ್ತಿ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಮೂಟೆ ಜೋಡಿಸುವವರು, ಮೀನು ಹೋಗದಿರಲಿ ಅಂತ ಕೋಡಿಗೆ ಬಲೆ ಕಟ್ಟುವವರು, ಇಬ್ಬರೂ ಏರಿಗೆ ಶತ್ರುಗಳು. ಬಲೆಗೆ ಕಸ, ಜೊಂಡು ಸಿಕ್ಕಿ ಅದೇ ಒಂದು ಅಡ್ಡಗಟ್ಟೆ ಆಗುತ್ತದೆ.

ಕುಣಿಗಲ್ ಕಡೆಯವರು ಮಕ್ಕಳಿಗೆ ಹೇಳಿಕೊಡಿ: ಮಾರ್ಕೋನಹಳ್ಳಿ ಜಲಾಶಯದಲ್ಲಿ ಸೈಫನ್ ಇದೆ. ನೀರಿನ ಮಟ್ಟ ತುಂಬಿದರೆ ತಾನೇ ಎಳೆದು ಬಿಡುತ್ತದೆ, ಯಾರೂ ಗೇಟು ತಿರುಗಿಸಬೇಕಿಲ್ಲ. ಕೆಳಗೆ ನೀರಲ್ಲಿ ಆಡುತ್ತಿರುವವರಿಗೆ ಓಡಲು ಹೊತ್ತು ಸಿಗುವುದಿಲ್ಲ.

ಮೀನು ಗುತ್ತಿಗೆ (ಮಾಲೂರು):

ಎಲ್ಲದಕ್ಕೂ ಮೀನಿನವರೇ ಸಿಗುತ್ತಾರಾ ಸ್ವಾಮಿ? ಹರಾಜಿನಲ್ಲಿ ದುಡ್ಡು ಕಟ್ಟಿ ಮರಿ ಬಿಟ್ಟಿರುತ್ತೇವೆ. ಕೋಡಿ ಬಿದ್ದ ದಿನ ಊರೆಲ್ಲ ಚೀಲ ಹಿಡಿದು ಬರುತ್ತದೆ. ಬಲೆ ಕಟ್ಟದೆ ಏನು ಮಾಡಲಿ?

ನೀರುಗಂಟಿ ಮೊಮ್ಮಗ:

ಅಣ್ಣ, ದೊಡ್ಡ ಕಣ್ಣಿನ ಬಲೆ ಕಟ್ಟಿ, ಕೋಡಿ ಹರಿಯುವಷ್ಟು ದಿನ ಇಬ್ಬರನ್ನು ಕೂರಿಸಿ ಕಸ ತೆಗೆಸಿ. ಏರಿ ಹೋದರೆ ಮೀನೂ ಹೋಗುತ್ತದೆ.

ಮೀನು ಗುತ್ತಿಗೆ:

ಇಬ್ಬರ ಕೂಲಿ ಯಾರು ಕೊಡುತ್ತಾರೆ? ಸರಿ ಬಿಡಿ. ನೋಡೋಣ.

ಹಿಂಗಾರು ನೋಡುವವನು:

ಕೋಡಿ ಅಂದ ಮೇಲೆ ರಸ್ತೆ ಮಾತೂ ಹೇಳಿಬಿಡುತ್ತೇನೆ. ಕೋಡಿ ನೀರು ರಸ್ತೆ ಮೇಲೆ ಹರಿಯುವಾಗ ಬೈಕು ದಾಟಿಸುವುದು, ವಿಡಿಯೊ ಮಾಡುವುದು ಇಲ್ಲಿ ಹಬ್ಬವೇ ಆಗಿದೆ. ಅರ್ಧ ಅಡಿ ಆಳದ ಓಡುವ ನೀರು ಮನುಷ್ಯನ ಕಾಲು ಕೀಳುತ್ತದೆ. ಒಂದಡಿ ಇದ್ದರೆ ಸಣ್ಣ ಕಾರು ತೇಲುತ್ತದೆ. ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಸುತ್ತು ಹಾಕಿಕೊಂಡು ಹೋಗಿ.

ಕಂಬದ ಮೇಲಿನವ (ತುಮಕೂರು):

ನಾನು ಲೈನ್‌ಮನ್. ನನ್ನದು ಕಡಿಮೆ ಮಾತು. ತಂತಿ ಬಿದ್ದಿದ್ದರೆ ಅದರಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಿರಿ. ಕೋಲು ಹಿಡಿದು ಸರಿಸಲು ಹೋಗಬೇಡಿ. ಹತ್ತು ಮೀಟರ್ ದೂರ ನಿಂತು ಬೇರೆಯವರನ್ನೂ ತಡೆಯಿರಿ, 1912ಕ್ಕೆ ಫೋನ್ ಮಾಡಿ. ಮೂರೂ ಜಿಲ್ಲೆಗೆ ಬೆಸ್ಕಾಂ ಅದೇ ನಂಬರ್. ಹಸು ಸತ್ತು ಬಿದ್ದಿದ್ದನ್ನು ನೋಡಿ ಓಡಿಹೋಗಿ ಮುಟ್ಟಿದವರೇ ಎರಡನೆಯವರಾಗಿ ಹೋಗುವುದು.

ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬ ಮಳೆಯಲ್ಲಿ ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬೆಳೆ ಒಂದು ದಿನ ಕಾಯುತ್ತದೆ. ಬಟ್ಟೆ ಒಣಗಿಸುವ ತಂತಿಯನ್ನು ಕಂಬಕ್ಕಾಗಲಿ ಸರ್ವೀಸ್ ವೈರ್ ಪೈಪಿಗಾಗಲಿ ಕಟ್ಟಬೇಡಿ. ಮನೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಮಳೆಗಾಲಕ್ಕೆ ಮುಂಚೆ ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ನೋಡಿ. ಇನ್ವರ್ಟರ್ ಬ್ಯಾಟರಿ ನೆಲದ ಮೇಲಿದ್ದರೆ ಸ್ಟ್ಯಾಂಡ್ ಮೇಲೆ ಎತ್ತಿಡಿ. ಮನೆಗೆ ನೀರು ನುಗ್ಗುತ್ತಿದ್ದರೆ, ನೀವು ನಿಂತಿರುವ ಜಾಗ ಒಣಗಿದ್ದರೆ ಮಾತ್ರ ಮೇನ್ ಆಫ್ ಮಾಡಿ. ಅಂಗಡಿಯವರು ಜನರೇಟರ್ ಅನ್ನು ಷಟರ್ ಒಳಗೆ ಓಡಿಸಬೇಡಿ. ಅದರ ಹೊಗೆಗೆ ವಾಸನೆಯೂ ಗೊತ್ತಾಗದೆ ಜೀವ ಹೋಗುತ್ತದೆ. ಚಳಿಗೆ ಕೆಂಡ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವುದೂ ಅಷ್ಟೇ.

ಮತ್ತೆ, ಕರೆಂಟ್ ಹೋದ ಎರಡನೇ ನಿಮಿಷಕ್ಕೆ ಬೈಯಬೇಡಿ. ನಾವೂ ಅದೇ ಮಳೆಯಲ್ಲೇ ಕಂಬದ ಮೇಲೆ ಇರುತ್ತೇವೆ.

ಕಂಬಳಿ ಕುರಿ (ಶಿರಾ):

ಲೈನ್‌ಮನ್ ಅಣ್ಣನಿಗೆ ಶರಣು. ನಮ್ಮ ಕುರಿ ಕಾಯುವವರಿಗೆ ಸೈಕ್ಲೋನ್‌ಗಿಂತ ಸಿಡಿಲೇ ದೊಡ್ಡ ಭಯ. ಏಪ್ರಿಲ್, ಮೇ ಮಧ್ಯಾಹ್ನದ ಮೇಲೆ ಬಯಲಲ್ಲಿ ಇರುತ್ತೇವೆ. ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಗಟ್ಟಿ ಮನೆ ಸೇರಿಕೊಳ್ಳಬೇಕು, ಕೊನೆ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಒಂಟಿ ಮರದ ಕೆಳಗೆ ಕುರಿ ಗುಂಪಾಗಿ ನಿಂತರೆ ಒಂದೇ ಏಟಿಗೆ ಮಂದೆ ಪೂರ್ತಿ ಹೋಗುತ್ತದೆ, ನೆಲದಲ್ಲಿ ಹರಿಯುವ ಕರೆಂಟಿಗೆ. ಮನೆ ಸಿಗದಿದ್ದರೆ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರುಗಾಲಲ್ಲಿ ಕೂರಬೇಕು. ಮಲಗಬಾರದು.

ದಾಮಿನಿ ಆ್ಯಪ್ ಇಟ್ಟುಕೊಂಡಿದ್ದೇನೆ, ಹತ್ತಿರ ಸಿಡಿಲು ಬೀಳುವ ಸೂಚನೆ ಇದ್ದರೆ ಹೇಳುತ್ತದೆ. ಮೊಬೈಲ್ ಇದ್ದರೆ ಸಿಡಿಲು ಎಳೆದುಕೊಳ್ಳುತ್ತದೆ ಅನ್ನುವುದು ಸುಮ್ನೆ ಮಾತು. ಚಾರ್ಜಿಗೆ ಹಾಕಿಕೊಂಡು ಮಾತಾಡುವುದು ಮಾತ್ರ ಬೇಡ. ಸಿಡಿಲು ಬಡಿದವನನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಅಂತ ಹೆದರಿ ದೂರ ನಿಲ್ಲುತ್ತಾರೆ. ಹಾಗೇನೂ ಇಲ್ಲ. ಉಸಿರು ನಿಂತಿದ್ದರೆ ಎದೆ ಒತ್ತಿ, 108 ಕರೆಯಿರಿ.

ಸರ್ಕಾರಿ ಆಸ್ಪತ್ರೆ ಸಿಸ್ಟರ್ (ಮಧುಗಿರಿ):

ಎಲ್ಲರೂ ಚೆನ್ನಾಗಿ ಹೇಳುತ್ತಿದ್ದೀರಿ. ನನ್ನ ಪಾಲು ಸೇರಿಸುತ್ತೇನೆ. ಮನೆಯಲ್ಲಿ ಬಿಪಿ, ಶುಗರ್ ಇರುವವರಿದ್ದರೆ ಮಾತ್ರೆ ಪೂರ್ತಿ ಮುಗಿಯುವವರೆಗೆ ಕಾಯಬೇಡಿ, ಒಂದು ವಾರದ್ದು ಯಾವಾಗಲೂ ಮುಂದಾಗಿಯೇ ಇರಲಿ. ಇನ್ಸುಲಿನ್ ಇಟ್ಟ ಫ್ರಿಜ್‌ಗೆ ಕರೆಂಟ್ ಇಲ್ಲದಿದ್ದರೆ ಮಣ್ಣಿನ ಮಡಕೆ ಉಪಯೋಗಕ್ಕೆ ಬರುತ್ತದೆ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಚಿಕ್ಕ ಮಡಕೆ, ಅದರಲ್ಲಿ ನೀರು ತಾಗದ ಹಾಗೆ ಕವರಿನಲ್ಲಿ ಸುತ್ತಿದ ಬಾಟಲಿ. ಐಸಿನ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಡಯಾಲಿಸಿಸ್ ಇರುವವರು ಮುನ್ಸೂಚನೆ ಕೇಳಿದ ದಿನವೇ ಕೇಂದ್ರಕ್ಕೆ ಫೋನ್ ಮಾಡಿ. ತುಂಬು ಗರ್ಭಿಣಿಯರನ್ನು ಹಳ್ಳ ದಾಟಬೇಕಾದ ಊರಿನಿಂದ ಮುಂಚೆಯೇ ಕರೆತನ್ನಿ.

ಸಂಪಿನ ಮುಚ್ಚಳ ನೆಲಮಟ್ಟದಲ್ಲಿ ಇದ್ದರೆ ಬೀದಿಯ ನೀರು, ಚರಂಡಿ ನೀರು ಎಲ್ಲ ಅದಕ್ಕೇ. ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿಸಿ. ಕೊಳಕು ನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಹೊಸ ನೀರು ತುಂಬಿದ ಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್. ಮೊದಲು ಬಕೆಟ್‌ನಲ್ಲಿ ಕದಡಿ, ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಕುಡಿಯುವುದಕ್ಕಾದರೆ ಕುದಿಸಿಯೇ ಕುಡಿಯಿರಿ. ಭೇದಿ ಶುರುವಾದರೆ, ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅದೇ ಚಿಕ್ಕ ಚಮಚದಲ್ಲಿ ಅರ್ಧ ಉಪ್ಪು.

ಬಿಲಕ್ಕೆ ನೀರು ತುಂಬಿದರೆ ಹಾವು ಮನೆಗೆ ಬರುತ್ತದೆ. ಸೌದೆ ಎಳೆಯುವಾಗ, ಕತ್ತಲಲ್ಲಿ ಕೊಟ್ಟಿಗೆಗೆ ಹೋಗುವಾಗ ಟಾರ್ಚ್ ಬೇಕೇ ಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ. ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಬನ್ನಿ. ಮಂತ್ರ ಹಾಕಿಸಿಕೊಂಡು ಬರುವಷ್ಟರಲ್ಲಿ ನಮ್ಮ ಕೈ ಕಟ್ಟಿಹೋಗಿರುತ್ತದೆ.

ಹಣ್ಣು ಹುಳ (ಶಿಡ್ಲಘಟ್ಟ):

ರೇಷ್ಮೆಯವರಿಗೆ ಎರಡೇ ಮಾತು. ಮಳೆ ಬರುವ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಒದ್ದೆ ಗೋಣಿಯಡಿ ಇಡಿ, ಹುಳಕ್ಕೆ ನೆಂದ ಸೊಪ್ಪು ಹಾಕಬೇಡಿ. ತಂಡಿಗೆ ಸುಣ್ಣಕಟ್ಟು ರೋಗ (ಹುಳ ಸುಣ್ಣದ ಹಾಗೆ ಬಿಳಿಯಾಗಿ ಗಟ್ಟಿಯಾಗುವುದು) ಬರುತ್ತದೆ. ಹುಳದ ಹಾಸಿಗೆಗೆ ಸುಣ್ಣದ ಪುಡಿ ಉದುರಿಸಿ ಒಣಗಿಸಿಕೊಳ್ಳಿ. ಹುಳ ಚಂದ್ರಿಕೆ (ಗೂಡು ಕಟ್ಟುವ ತಟ್ಟೆ) ಮೇಲಿರುವಾಗ ಜಡಿ ಹಿಡಿದರೆ ಗೂಡಿನ ರೇಟು ಬೀಳುವುದು ನಿಮಗೇ ಗೊತ್ತು.

ಪಹಣಿ ಪರಮೇಶಿ (ಬಂಗಾರಪೇಟೆ):

ಆದ ಮೇಲಿನ ಕೆಲಸ ಯಾರೂ ಹೇಳಲಿಲ್ಲ. ನಷ್ಟವಾದರೆ ಪರಿಹಾರ ಇದೆ, ಕಾಗದ ಸರಿ ಇದ್ದರೆ ಮಾತ್ರ. ಪಹಣಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮನೆ ಕಂದಾಯದ ರಸೀದಿ ಎಲ್ಲವನ್ನೂ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹತ್ತಿರ ಎತ್ತರದಲ್ಲಿ ಇಡಿ. ಫೋಟೊ ತೆಗೆದು ಮಕ್ಕಳ ಫೋನಿಗೂ ಕಳಿಸಿ. ಮನೆಯ ನಾಲ್ಕೂ ಗೋಡೆ, ಹಸು, ಅದರ ಕಿವಿಯ ನಂಬರ್ ಓಲೆ (ಟ್ಯಾಗ್), ಇವುಗಳ ಫೋಟೊ ಈಗಲೇ ತೆಗೆದಿಡಿ. ಬಿದ್ದ ಮೇಲೆ ಮಣ್ಣು ತೆಗೆಯುವ ಮುಂಚೆ ಇನ್ನೊಂದು ಸಲ ತೆಗೆಯಿರಿ. ಗ್ರಾಮ ಆಡಳಿತ ಅಧಿಕಾರಿಗೆ ಬರಹದಲ್ಲಿ ತಿಳಿಸಿ.

ಕೇಂದ್ರದ 2022–26ರ ವಿಪತ್ತು ಪರಿಹಾರ ನಿಯಮದಲ್ಲಿ ಇದ್ದ ಲೆಕ್ಕ: ಜೀವ ಹೋದರೆ 4 ಲಕ್ಷ, ಕರೆಯುವ ಹಸುವಿಗೆ 37,500, ಕುರಿ ಮೇಕೆಗೆ 4,000. ಬೆಳೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿದ್ದರೆ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಎರಡು ಹೆಕ್ಟೇರ್‌ವರೆಗೆ. ಹಸುವಿಗೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು, ಹೂಳುವ ಮುಂಚೆ ಕರೆಸಿ. ಈ ದುಡ್ಡಲ್ಲಿ ಹಸು ಬರುತ್ತದಾ ಅಂತ ಕೇಳಬೇಡಿ.

ಬೆಳೆ ವಿಮೆ ಕಟ್ಟಿದವರಿಗೆ ಒಂದು ಗಡುವು ಇದೆ. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಸೈಕ್ಲೋನ್ ಅಥವಾ ಅಕಾಲ ಮಳೆಗೆ ಸಿಕ್ಕಿದರೆ ಅದಕ್ಕೂ ವಿಮೆಯಲ್ಲಿ ಅವಕಾಶ ಇದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ನಾಲ್ಕನೇ ದಿನ ಹೋದರೆ ಪೆನ್ನು ಎತ್ತುವುದೇ ಇಲ್ಲ.

ಕೈವಾರದ ಸೊಸೆ:

ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಮಾವನವರು ಪಕ್ಕದಲ್ಲೇ ಕೂತು ಓದಿಸಿಕೊಂಡರು. ಗೋಡೆ ವಿಷಯಕ್ಕೆ ಸುಮ್ಮನಾದರು, ರಾಗಿ ವಿಷಯಕ್ಕೆ ಮಾತ್ರ ಪ್ರಶ್ನೆ ಇದೆ. ಮುಂದಿನ ವಾರ ವಾಯುಭಾರ ಕುಸಿತ ಅಂತ ಹೇಳುತ್ತಿದ್ದಾರೆ. ತೆನೆ ಬಲಿತಿದೆ. ಈಗಲೇ ಕೊಯ್ದುಬಿಡಬೇಕಾ, ಪೈರಲ್ಲೇ ಬಿಡಬೇಕಾ?

ಮುದ್ದೆ ಮಾದಣ್ಣ (ಮುಳಬಾಗಿಲು):

ತಂಗಿ, ಮಾವನವರನ್ನು ಕೇಳಿ, ಕೊಯ್ದ ಮೇಲೆ ಒಣಗಿಸಿ ಮೆದೆ ಒಟ್ಟಲು ಬಿಸಿಲಿನ ದಿನ ಉಳಿದಿದೆಯಾ ಅಂತ. ಉಳಿದಿದ್ದರೆ ಮಾತ್ರ ಕೊಯ್ಯಿರಿ. ಹಸಿ ರಾಗಿ ಕೊಯ್ದು ನೆಲದ ಮೇಲೆ ಹರಡಿರುವಾಗ ಮಳೆ ಹಿಡಿದರೆ ತೆನೆಯಲ್ಲೇ ಮೊಳಕೆ ಬರುತ್ತದೆ, ಹುಲ್ಲೂ ಕಪ್ಪಾಗುತ್ತದೆ, ಹಸು ಮೂಸುವುದಿಲ್ಲ. ನಿಂತ ಪೈರು ಬಿದ್ದರೂ ಸ್ವಲ್ಪ ಉಳಿಯುತ್ತದೆ. ಮಳೆ ಬಿಟ್ಟ ಮೇಲೆ ತೆನೆ ಮಾತ್ರ ಮುರಿದುಕೊಳ್ಳಬಹುದು. 2021ರಲ್ಲಿ ನಮ್ಮೂರಲ್ಲಿ ಕೂಲಿ ಸಿಕ್ಕಿತು ಅಂತ ಆತುರಕ್ಕೆ ಕೊಯ್ದವರಿಗೇ ಜಾಸ್ತಿ ಹೊಡೆತ ಬಿತ್ತು. ಈಗಾಗಲೇ ಕೊಯ್ದಿದ್ದರೆ ಕಂತೆ ಕಟ್ಟಿ ಎತ್ತರದ ಕಣದಲ್ಲಿ, ಕೆಳಗೆ ಕಲ್ಲು, ಮೇಲೆ ಕಡ್ಡಿ ಹಾಸಿ ಗುಡ್ಡೆ ಮಾಡಿ. ತೆನೆ ಒಳಮುಖಕ್ಕೆ ಇರಲಿ.

ಕೈವಾರದ ಸೊಸೆ:

ಟಾರ್ಪಾಲಿನ್ ಅಂಗಡಿಯಲ್ಲಿ ಕೇಳಿದೆ, ರೇಟು ಆಗಲೇ ಏರಿಸಿದ್ದಾರೆ.

ಮುದ್ದೆ ಮಾದಣ್ಣ:

ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ದರಕ್ಕೆ ಕೊಡುತ್ತಾರೆ, ಸ್ಟಾಕ್ ಇದೆಯಾ ಅಂತ ನಾಳೆಯೇ ಫೋನ್ ಮಾಡಿ. ಪಹಣಿ, ಆಧಾರ್ ಜೆರಾಕ್ಸ್ ತೆಗೆದುಕೊಂಡು ಹೋಗಿ. ಹೊದಿಸುವಾಗ ಸುತ್ತಲೂ ನೆಲದವರೆಗೆ ಮುಚ್ಚಬೇಡಿ. ಬುಡದಲ್ಲಿ ಗೇಣುದ್ದ ಗಾಳಿ ಆಡಲು ಬಿಡಿ, ಇಲ್ಲದಿದ್ದರೆ ಒಳಗೇ ಬೆಚ್ಚಗಾಗಿ ಮುಗ್ಗುತ್ತದೆ. ಮೂಲೆಗಳಿಗೆ ಹಗ್ಗ ಹಾಕಿ ಕಲ್ಲು ಕಟ್ಟಿ.